ಮೇಸ್ತ್ರಿಗೆ ಮೇಷ್ಟ್ರು ಯಾರು?

ಕೆಲಸದಲ್ಲಿ ಪಳಗಿದವನನ್ನೇ ಹಿಡಿದು ಮೇಸ್ತ್ರಿ ಮಾಡುವುದು ಕಾರ್ಖಾನೆಗಳಷ್ಟೇ ಹಳೆಯ ರೂಢಿ. ನಿನ್ನೆಯವರೆಗೆ ಲೇತ್ ಮುಂದೆ ನಿಂತಿದ್ದವನ ತಲೆಗೆ ಇವತ್ತು ಇಪ್ಪತ್ತು ಜನರ ರಜೆ, ಜಗಳ, ಮುನಿಸು. ಇದನ್ನೂ ಕಲಿಸಬಹುದು ಎಂದು ಯಾರಿಗೂ ಬೇಗ ಹೊಳೆಯಲಿಲ್ಲ. ಒಬ್ಬ ಫೋರ್‌ಮನ್‌ನಲ್ಲಿ ಬೇಕಾದ ಗುಣಗಳೆಲ್ಲ ಸಿಗುವುದು ದುರ್ಲಭವೆಂದು 1903ರಲ್ಲಿ ಬರೆದ ಅಮೆರಿಕದ ಫ್ರೆಡರಿಕ್ ಟೇಲರ್, ಅವನ ಕೆಲಸವನ್ನು ಎಂಟು ಜನರಿಗೆ ಹಂಚಿಬಿಡಿ ಎಂದ!

ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗಗಳು ಗಾಳಿಯ ದಿಕ್ಕು ಬದಲಿಸಿದವು. ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮಾತನಾಡಿಸಲಾಯಿತು. ಸಿದ್ಧ ಪ್ರಶ್ನೆಗಳನ್ನು ಬದಿಗಿಟ್ಟು ಸುಮ್ಮನೆ ಕೇಳಿಸಿಕೊಂಡಾಗಲೇ ಮಾತು ಹೊರಬಂತು.

ಆದರೂ ಪಾಠ ನಿಜವಾಗಿ ಮೇಸ್ತ್ರಿಯವರೆಗೆ ಇಳಿಯಲು ಯುದ್ಧವೇ ಬೇಕಾಯಿತು. ಯುದ್ಧದ ಸಿದ್ಧತೆಗೆಂದು ಹೊಸಬರು ಕಾರ್ಖಾನೆ ತುಂಬತೊಡಗಿದಾಗ, ಅಮೆರಿಕ ಸರ್ಕಾರ 1940ರಲ್ಲಿ ‘ಟಿಡಬ್ಲ್ಯುಐ’ ಎಂಬ ತರಬೇತಿ ಸೇವೆಯನ್ನು ಆರಂಭಿಸಿತು. ಅದರ ಮುಖ್ಯ ಪಾಠಗಳು ಮೂರು: ಕೆಲಸ ಹೇಳಿಕೊಡುವುದು, ಕೆಲಸದ ವಿಧಾನ ಸುಧಾರಿಸುವುದು, ಜನರೊಡನೆ ಹೊಂದಿಕೊಂಡು ಹೋಗುವುದು. ಒಂದೊಂದಕ್ಕೂ ಬರೀ ಹತ್ತು ಗಂಟೆ. ಮೂರನೆಯದರ ಸಾರ ಇಷ್ಟು: ಕೆಲಸ ಹೇಗೆ ನಡೆದಿದೆಯೆಂದು ಅವರಿಗೆ ತಿಳಿಸಿ, ಚೆನ್ನಾಗಿ ಮಾಡಿದರೆ ಮೆಚ್ಚಿ, ಬದಲಾವಣೆ ಇದ್ದರೆ ಮೊದಲೇ ಹೇಳಿ, ಒಬ್ಬೊಬ್ಬರ ಶಕ್ತಿಯನ್ನೂ ಸರಿಯಾಗಿ ಬಳಸಿಕೊಳ್ಳಿ. ತಕರಾರು ಬಂದರೆ ಮೊದಲು ಸಂಗತಿ ತಿಳಿದುಕೊಳ್ಳಬೇಕು, ತೂಗಿ ನೋಡಬೇಕು, ಆಮೇಲೆ ಕ್ರಮ. ಕ್ರಮದ ಫಲವೇನಾಯಿತೆಂದು ಮತ್ತೆ ಹೋಗಿ ನೋಡಲೂಬೇಕು. ಈ ಕೊನೆಯ ಹೆಜ್ಜೆಯನ್ನು ಇಂದಿಗೂ ಹೆಚ್ಚಿನವರು ಮರೆಯುತ್ತಾರೆ. ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿ ಈ ತರಬೇತಿ ಪಡೆದರು. 1945ರಲ್ಲಿ ಯುದ್ಧ ಮುಗಿಯಿತು, ಸೇವೆಯೂ ಮುಚ್ಚಿತು. ಅಮೆರಿಕ ಕೈಬಿಟ್ಟಿದ್ದನ್ನು ಸೋತ ಜಪಾನ್ ಎತ್ತಿಕೊಂಡಿತು. ಟೊಯೋಟಾದ ಕಾರ್ಯಪದ್ಧತಿಯಲ್ಲಿ ಅದರ ಬೇರುಗಳಿವೆ.

ನಮ್ಮಲ್ಲಿ ಜರ್ಮನಿಯ ನೆರವಿನಿಂದ 1971ರಲ್ಲಿ ಬೆಂಗಳೂರಿನಲ್ಲೇ ಫೋರ್‌ಮನ್ ತರಬೇತಿ ಸಂಸ್ಥೆ ಶುರುವಾಯಿತು.

ಆಮೇಲಿನ ಅಧ್ಯಯನಗಳು ಕಾರ್ಖಾನೆಯಿಂದ ಕಚೇರಿಗೆ ಹೊರಳಿದವು. ಹಾರ್ವರ್ಡ್‌ನ ಲಿಂಡಾ ಹಿಲ್ ಹತ್ತೊಂಬತ್ತು ಹೊಸ ಮ್ಯಾನೇಜರ್‌ಗಳ ಮೊದಲ ವರ್ಷವನ್ನು ಬೆನ್ನುಹತ್ತಿ 1992ರಲ್ಲಿ ಪುಸ್ತಕ ತಂದರು. ಅಧಿಕಾರ ಸಿಕ್ಕಿತೆಂದು ಬೀಗಿ ಬಂದವರಿಗೆ, ತಾವೇ ಕೈಕೆಳಗಿನವರನ್ನು ನೆಚ್ಚಿಕೊಂಡಿದ್ದೇವೆಂಬ ಅರಿವು ಮೊದಲ ಪೆಟ್ಟು. ಗೂಗಲ್ ತನ್ನ ಒಳ್ಳೆಯ ಮ್ಯಾನೇಜರ್‌ಗಳ ಎಂಟು ಗುಣಗಳನ್ನು ಪಟ್ಟಿ ಮಾಡಿದಾಗ ತಾಂತ್ರಿಕ ಜಾಣ್ಮೆ ಎಂಟನೆಯ ಸ್ಥಾನಕ್ಕೆ ಇಳಿಯಿತು. ಎಂಜಿನಿಯರುಗಳ ಕಂಪನಿಗೇ ಹೀಗಾದದ್ದು ತಮಾಷೆ.

ತೀರಾ ಕುತೂಹಲದ ಫಲಿತಾಂಶ ಬಂದದ್ದು ಭಾರತದ ಗಾರ್ಮೆಂಟ್ಸ್‌ನಿಂದ. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಲೈನ್ ಸೂಪರ್‌ವೈಸರ್‌ಗಳಿಗೆ ಜನರನ್ನು ನಿಭಾಯಿಸುವ ತರಬೇತಿ ಕೊಡಿಸುವ ಮುನ್ನ, ಯಾರಿಗೆ ಕೊಡಬೇಕೆಂದು ಮೇಲಿನ ಮ್ಯಾನೇಜರ್‌ಗಳನ್ನೇ ಕೇಳಿದರು. ಬಲವಾಗಿ ಶಿಫಾರಸಾದವರ ಲೈನ್‌ಗಳಲ್ಲಿ ಉತ್ಪಾದಕತೆ ಏರಲಿಲ್ಲ. ಶಿಫಾರಸಿನಲ್ಲಿ ಹಿಂದೆ ಬಿದ್ದವರ ಲೈನ್‌ಗಳಲ್ಲಿ ಶೇ 12ರಷ್ಟು ಏರಿತು. ಮ್ಯಾನೇಜರ್‌ಗಳು ಯೋಚಿಸಿದ್ದು ಕಲಿಯುವವರ ಬಗ್ಗೆಯಲ್ಲ, ಬಿಟ್ಟು ಹೋದರೆ ತಮಗೇ ತಲೆನೋವಾಗುವವರನ್ನು ಉಳಿಸಿಕೊಳ್ಳುವ ಬಗ್ಗೆ.