ಛತ್ರದ ಒಲೆಯಿಂದ ಇಬ್ರಿಯ ಅಡುಗೆಮನೆಯವರೆಗೆ

ಮಸ್ಕತ್ತಿನಿಂದ ಸುಮಾರು 300 ಕಿ.ಮೀ. ದೂರದ ಇಬ್ರಿಗೆ ಬಂದಿಳಿಯುವ ಕನ್ನಡ ಕುಟುಂಬವು ವಸತಿಗೃಹದಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಅಡುಗೆಮನೆ ಇದೆಯೇ?"

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ಹೋಟೆಲುಗಳು ಹರಡುವ ಮೊದಲು ಯಾತ್ರಿಕರು ಅಕ್ಕಿ, ಬೇಳೆಗಳ ಗಂಟು ಕಟ್ಟಿಕೊಂಡು ಹೊರಟು, ಛತ್ರಗಳಲ್ಲಿ ತಂಗಿ, ತಾವೇ ಒಲೆ ಹೂಡಿ ಉಣ್ಣುತ್ತಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಅದು ಆಸರೆಯಾಯಿತು. ಆದರೆ ಅಂದಿನ ಸ್ವಯಂಪಾಕಕ್ಕೆ ಮಿತವ್ಯಯವೊಂದೇ ಕಾರಣವಾಗಿರಲಿಲ್ಲ. ಮಡಿ-ಮೈಲಿಗೆಯ ಕಟ್ಟುಗಳೂ ಇದ್ದವು. ಎಷ್ಟೋ ಛತ್ರಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಇಬ್ರಿಯೂ ದಾರಿಹೋಕರ ಊರೇ. ಒಮಾನಿನ ಹಳ್ಳಿಗಳಲ್ಲಿ ಬಂದವರನ್ನು 'ಸಬ್ಲಾ'ದಲ್ಲಿ ಕುಳ್ಳಿರಿಸಿ ಖರ್ಜೂರ, ಕಹ್ವಾ ನೀಡುವುದು ಹಳೆಯ ಪದ್ಧತಿ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಾತ್‌ನ ಪುರಾತನ ಗೋರಿಗಳು ಇಲ್ಲಿಗೆ ಸಮೀಪ. 2021ರ ಡಿಸೆಂಬರಿನಲ್ಲಿ ಮರಳುಗಾಡಿನ ನಡುವೆ ಸೌದಿ ಅರೇಬಿಯಾಕ್ಕೆ ನೇರ ಹೆದ್ದಾರಿಯೂ ತೆರೆಯಿತು.

ವಾರಗಟ್ಟಲೆ ತಂಗುವವರು ಮೂರು ಹೊತ್ತೂ ಹೊರಗೆ ಉಂಡರೆ ಕರಗುವ ರಿಯಾಲುಗಳು ಊರಿನಲ್ಲಿ ಮಕ್ಕಳ ಶುಲ್ಕಕ್ಕೋ ಹೆತ್ತವರ ಔಷಧಿಗೋ ಸಲ್ಲಬೇಕಾದವು. ಆದುದರಿಂದ ಅಡುಗೆಮನೆಯುಳ್ಳ ವಸತಿಯನ್ನೇ ಆರಿಸೋಣ. ಜೊತೆಗೆ ಕುಕ್ಕರಿಗೆ ಒಂದು ಪಾವು ಅಕ್ಕಿ ಹೆಚ್ಚು ಹಾಕೋಣ. ಪಕ್ಕದ ಕೋಣೆಯಲ್ಲಿ ಒಂಟಿಯಾಗಿರುವ ದುಡಿಮೆಗಾರನನ್ನೂ, ಅವನು ಯಾರೆಂದು ಕೇಳದೆ, ಊಟಕ್ಕೆ ಕರೆಯೋಣ. ಹಳೆಯ ಛತ್ರಗಳು ಉಳಿಸಿಹೋದ ಕೊರತೆಯನ್ನು ನಾವು ತುಂಬಬಹುದಾದ ಬಗೆ ಇದು.