ರೂಪಾಂತರಿ ರೋಬಾಟ್‌ಗಳ ಅಂಕಪಟ್ಟಿ

ರಾಜರ, ಯುದ್ಧಗಳ, ಒಪ್ಪಂದಗಳ ಕಥೆಯನ್ನು ಇತಿಹಾಸವೆಂದು ಒಪ್ಪುವವರು ಮಕ್ಕಳ ಆಟಿಕೆಯ ಕಥೆಯನ್ನು ಹಾಗೆಂದು ಒಪ್ಪಲು ಹಿಂಜರಿಯುವುದು ಸಹಜ. ಆದರೆ ಒಂದು ಆಟಿಕೆಯನ್ನು ಕೈಯಲ್ಲಿ ಹಿಡಿದು, ಇದು ಎಲ್ಲಿ ಹುಟ್ಟಿತು, ಯಾವ ಅಚ್ಚಿನಿಂದ ಹೊರಬಂತು, ಇದಕ್ಕೆ ಹೆಸರಿಟ್ಟವರು ಯಾರು ಎಂದು ವಿಚಾರಿಸುತ್ತ ಹೋದರೆ ತೈಲದ ಬೆಲೆ, ಸರ್ಕಾರದ ಕಾನೂನು, ಮಹಾಯುದ್ಧದ ಗಾಯ ಎಲ್ಲವೂ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ನಾನಿಲ್ಲಿ ಹೇಳಹೊರಟಿರುವುದು 1984ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಆಟಿಕೆಗಳ ಕಥೆ. ಇದು ವಿದ್ಯುತ್ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರ್ ಅಲ್ಲವೆಂದು ನನ್ನ ಓರಗೆಯ ಬಂಧುಗಳಿಗೆ ಮೊದಲೇ ತಿಳಿಸಿಬಿಡುತ್ತೇನೆ. ಕಾರು, ಲಾರಿ, ವಿಮಾನಗಳಾಗಿ ಕಾಣುವ ಈ ಆಟಿಕೆಗಳನ್ನು ಮಡಿಚಿ, ತಿರುಗಿಸಿ, ಎಳೆದರೆ ಕೈಕಾಲುಳ್ಳ ರೋಬಾಟ್ ಆಗುತ್ತವೆ. ಪುರಾಣದ ಕಾಮರೂಪಿಗಳನ್ನು ಬಲ್ಲ ನಮಗೆ ಇದು ಅಷ್ಟೇನೂ ಅಪರಿಚಿತ ಕಲ್ಪನೆಯಲ್ಲ.

ಈ ವಿಷಯಕ್ಕೆ ನನ್ನನ್ನು ಎಳೆದವನು ಪರದೇಶದಲ್ಲಿ ನೆಲೆಸಿರುವ ಒಬ್ಬ ಹಳೆಯ ವಿದ್ಯಾರ್ಥಿ. ನಡುವಯಸ್ಸಿನಲ್ಲಿ ಇವುಗಳನ್ನು ಸಂಗ್ರಹಿಸುವ ಹವ್ಯಾಸ ಹಚ್ಚಿಕೊಂಡಿರುವ ಅವನು ರಜೆಗೆ ಬಂದಾಗ ಐದು ಆಟಿಕೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, “ಸಾರ್, ನಮಗೆಲ್ಲ ರ‍್ಯಾಂಕ್ ಕೊಟ್ಟಿರಿ, ಇವಕ್ಕೂ ಕೊಡಿ” ಎಂದ. ಅಂಕ ಕೊಡುವ ಮೊದಲು ಉತ್ತರಪತ್ರಿಕೆಯನ್ನು ಪೂರ್ತಿ ಓದಬೇಕೆಂಬುದು ನನ್ನ ಹಳೆಯ ಅಭ್ಯಾಸ. ಆದುದರಿಂದ ಶ್ರೇಣಿಗಿಂತ ಮೊದಲು ಚರಿತ್ರೆ.

ಅಮೆರಿಕದ ಹ್ಯಾಸ್‌ಬ್ರೊ ಕಂಪನಿ 1964ರಲ್ಲಿ ‘ಜಿ.ಐ. ಜೋ’ ಎಂಬ ಸೈನಿಕ ಗೊಂಬೆಯನ್ನು ಹೊರತಂದಿತು. ಜಪಾನಿನ ಟಕಾರಾ ಕಂಪನಿ ಪರವಾನಗಿ ಪಡೆದು ಅದನ್ನು ತನ್ನ ದೇಶದಲ್ಲಿ ಮಾರುತ್ತಿತ್ತು. ಅದೇ ಗೊಂಬೆಯ ಮೈಯನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಳಗೆ ಯಂತ್ರಭಾಗಗಳು ಕಾಣುವಂತೆ ಮಾಡಿ, 1972ರಲ್ಲಿ ‘ಹೆನ್ಶಿನ್ ಸೈಬೋರ್ಗ್’ ಎಂಬ ಯಂತ್ರಮಾನವನನ್ನು ಟಕಾರಾ ತಯಾರಿಸಿತು. ಮರುವರ್ಷವೇ ತೈಲ ಬಿಕ್ಕಟ್ಟು ಬಂತು. ಪ್ಲಾಸ್ಟಿಕ್ ತೈಲದ ಕೂಸು. ತೈಲ ತುಟ್ಟಿಯಾದರೆ ಗೊಂಬೆಯೂ ತುಟ್ಟಿ. 1974ರಲ್ಲಿ ಬಂದ ‘ಮೈಕ್ರೋಮ್ಯಾನ್’ ಸುಮಾರು 10 ಸೆಂಟಿಮೀಟರ್ ಎತ್ತರದವನು. ಇಷ್ಟು ಚಿಕ್ಕವನು ನಮ್ಮ ಮನೆಯೊಳಗೇ ಅಡಗಿರಬಲ್ಲನಲ್ಲವೇ ಎಂಬ ಕಲ್ಪನೆಯಿಂದ 1983ರಲ್ಲಿ ‘ಮೈಕ್ರೋ ಚೇಂಜ್’ ಎಂಬ ಸಾಲು ಹುಟ್ಟಿತು. ಟೇಪ್ ರೆಕಾರ್ಡರ್, ಕ್ಯಾಸೆಟ್, ಪಿಸ್ತೂಲು, ಆಟದ ಕಾರು ಹೀಗೆ ಮನೆಯಲ್ಲಿರುವ ವಸ್ತುಗಳು, ಅವುಗಳ ನಿಜವಾದ ಅಳತೆಯಲ್ಲಿಯೇ, ರೋಬಾಟ್ ಆಗತೊಡಗಿದವು.

ಅದೇ ಕಂಪನಿಯ ಇನ್ನೊಂದು ಸಾಲು 1980ರಲ್ಲಿ ಆರಂಭವಾದ ‘ಡಯಾಕ್ಲೋನ್’. ಇದರಲ್ಲಿ ರೋಬಾಟ್ ಒಂದು ವಾಹನ ಮಾತ್ರ. ಅದನ್ನು ನಡೆಸುವವನು ಒಂದಂಗುಲ ಎತ್ತರದ, ಪಾದದಲ್ಲಿ ಅಯಸ್ಕಾಂತವಿದ್ದ ಪುಟ್ಟ ಚಾಲಕ. 1982ರಿಂದ ಇದರಲ್ಲಿ ರಸ್ತೆಯ ಮೇಲೆ ಓಡಾಡುವ ನಿಜವಾದ ಕಾರುಗಳ ಪ್ರತಿರೂಪಗಳು ರೋಬಾಟ್‌ಗಳಾಗಿ ಬಂದವು. ರೂಪ ಬದಲಿಸುವ ಆಟಿಕೆಯನ್ನು ಟಕಾರಾ ಒಂದೇ ಕಂಡುಹಿಡಿಯಿತೆಂದು ಭಾವಿಸಬಾರದು. ಪೋಪಿ ಕಂಪನಿಯ, ಹಕ್ಕಿಯಾಗಿ ಬದಲಾಗುವ ‘ರೈಡೀನ್’ 1975ರಷ್ಟು ಹಿಂದೆಯೇ ಬಂದಿತ್ತು.

ಇವೆರಡು ಸಾಲುಗಳನ್ನು ಅಮೆರಿಕಕ್ಕೆ ತರಲು ಹ್ಯಾಸ್‌ಬ್ರೊವನ್ನು ಟಕಾರಾದೊಂದಿಗೆ ಜೋಡಿಸಿದವರು ಹೆನ್ರಿ ಓರೆನ್‌ಸ್ಟೈನ್. ಇವರ ವಿಷಯದಲ್ಲಿ ನಾಲ್ಕು ಮಾತು ಹೆಚ್ಚು ಹೇಳಲೇಬೇಕು. 1923ರಲ್ಲಿ ಪೋಲೆಂಡಿನ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಇವರ ತಂದೆತಾಯಿಯರನ್ನು ನಾಜಿಗಳು ಕೊಂದರು. ಇವರು ಐದು ಸೆರೆಶಿಬಿರಗಳನ್ನು ದಾಟಿ ಬದುಕಿದವರು. ಶಿಬಿರವೊಂದರಲ್ಲಿ ವಿಜ್ಞಾನಿಗಳು ಬೇಕಾಗಿದ್ದಾರೆಂಬ ಪ್ರಕಟಣೆ ಕೇಳಿ, ವಿಜ್ಞಾನಿಗಳಲ್ಲದಿದ್ದರೂ ತಮ್ಮ ಹೆಸರನ್ನೂ ಸೋದರರ ಹೆಸರನ್ನೂ ಬರೆಸಿದರು. ಆ ಒಂದು ಸುಳ್ಳು ಇವರ ಜೀವ ಉಳಿಸಿದ ಸಂಗತಿಗಳಲ್ಲಿ ಒಂದು. 1947ರಲ್ಲಿ ಅಮೆರಿಕ ಸೇರಿ ಆಟಿಕೆಗಳ ತಯಾರಕರಾದರು, ನೂರಕ್ಕೂ ಹೆಚ್ಚು ಪೇಟೆಂಟ್ ಪಡೆದರು, 2021ರಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ವೇಷ ಮರೆಸಿ ಬದುಕುಳಿದ ಮನುಷ್ಯನಿಗೆ, ವೇಷ ಮರೆಸಿಕೊಂಡು ಬದುಕುವ ಯಂತ್ರಗಳ ಆಟಿಕೆ ಕಣ್ಣಿಗೆ ಬಿದ್ದದ್ದು ಕಾಕತಾಳೀಯವೇ ಇರಬಹುದು. ಆದರೂ ನನಗೆ ಆ ಸಂಗತಿಯನ್ನು ಸುಲಭವಾಗಿ ದಾಟಿ ಹೋಗಲಾಗಲಿಲ್ಲ.

ಹ್ಯಾಸ್‌ಬ್ರೊ ಕೊಂಡು ತಂದದ್ದು ಅಚ್ಚುಗಳನ್ನು. ಅವುಗಳಿಗೆ ಒಂದು ಸಮಗ್ರ ಕಥೆ ಇರಲಿಲ್ಲ. ಅದನ್ನು ಬರೆಯುವ ಕೆಲಸ ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಪಾಲಿಗೆ ಬಂತು. ಜಿಮ್ ಶೂಟರ್ ಕಥೆಯ ಚೌಕಟ್ಟನ್ನು ಹಾಕಿದರು. ನಾಯಕನಿಗೆ ‘ಆಪ್ಟಿಮಸ್ ಪ್ರೈಮ್’ ಎಂಬ ಹೆಸರನ್ನಿಟ್ಟವರು ಡೆನ್ನಿಸ್ ಓ’ನೀಲ್. ಉಳಿದ ಬಹುತೇಕ ಹೆಸರುಗಳನ್ನೂ ಸ್ವಭಾವಚಿತ್ರಗಳನ್ನೂ 1983ರ ಕೊನೆಯಲ್ಲಿ ಕೆಲವೇ ದಿನಗಳಲ್ಲಿ ಬರೆದುಕೊಟ್ಟವರು ಬಾಬ್ ಬುಡಿಯಾನ್ಸ್ಕಿ. ಜಪಾನಿನಲ್ಲಿ ಚಾಲಕನಿಲ್ಲದೆ ಅಲುಗಾಡದಿದ್ದ ಯಂತ್ರಗಳು ಇಲ್ಲಿ ಸ್ವತಃ ಜೀವಿಗಳಾದವು. ಅವುಗಳಿಗೆ ಕೋಪ, ಅಸೂಯೆ, ಔದಾರ್ಯಗಳು ಬಂದವು. ಚಾಲಕ ಮಾತ್ರ ಕಾಣೆಯಾದ. ಆದರೆ ಅಚ್ಚು ಹಳೆಯದೇ ಆಗಿದ್ದುದರಿಂದ ಅವನು ಕೂರುವ ಪುಟ್ಟ ಆಸನಗಳು ಹಲವು ಆಟಿಕೆಗಳಲ್ಲಿ ಹಾಗೆಯೇ ಉಳಿದುಕೊಂಡವು. ಅಳಿಸಿ ಬರೆದ ಶಾಸನದಲ್ಲಿ ಹಳೆಯ ಅಕ್ಷರದ ಗೀರು ಕಂಡಾಗ ಆಗುವ ಸಂತೋಷ ಆ ಖಾಲಿ ಆಸನವನ್ನು ನೋಡಿದಾಗ ನನಗಾಯಿತು.

ಇನ್ನು ಅಂಕಪಟ್ಟಿಯ ವಿಷಯ. ಪ್ರತಿಯೊಂದು ಆಟಿಕೆಯ ಪೆಟ್ಟಿಗೆಯ ಹಿಂಬದಿಯಲ್ಲಿ ಎಂಟು ಗುಣಗಳಿಗೆ ಹತ್ತರಂತೆ ಅಂಕಗಳನ್ನು ಮುದ್ರಿಸಿದ್ದರು: ಬಲ, ಬುದ್ಧಿ, ವೇಗ, ತಾಳಿಕೆ, ಪದವಿ, ಧೈರ್ಯ, ಶಸ್ತ್ರಶಕ್ತಿ, ಕೌಶಲ. ಬರಿಗಣ್ಣಿಗೆ ಕೆಂಪು ಗೀಚಿನಂತೆ ಕಾಣುವ ಆ ನಕ್ಷೆಯನ್ನು ಜೊತೆಯಲ್ಲಿ ಕೊಟ್ಟ ಕೆಂಪು ಪ್ಲಾಸ್ಟಿಕ್ ಹಾಳೆಯ ಮೂಲಕ ನೋಡಿದಾಗ ಮಾತ್ರ ಗೆರೆಗಳು ಸ್ಪಷ್ಟವಾಗುತ್ತಿದ್ದವು. ಎಂಟು ವಿಷಯ, ಒಟ್ಟು 80 ಅಂಕ. ನಾಯಕ ಆಪ್ಟಿಮಸ್ ಪ್ರೈಮ್‌ಗೆ ವೇಗ ಮತ್ತು ಶಸ್ತ್ರಶಕ್ತಿಯಲ್ಲಿ 8, ಉಳಿದ ಆರರಲ್ಲೂ ಹತ್ತಕ್ಕೆ ಹತ್ತು. ಕೂಡಿದರೆ 76, ಶೇಕಡಾ 95. ಪುಟ್ಟ ಹಳದಿ ಕಾರು ಬಂಬಲ್‌ಬೀಗೆ ಬಲದಲ್ಲಿ 2, ಶಸ್ತ್ರಶಕ್ತಿಯಲ್ಲಿ 1, ವೇಗದಲ್ಲಿ 4. ಬುದ್ಧಿಯಲ್ಲಿ 8, ಧೈರ್ಯದಲ್ಲಿ ಮಾತ್ರ ಪೂರ್ಣ 10. ಒಟ್ಟು 46. ನಮ್ಮ ಲೆಕ್ಕದಲ್ಲಿ ಎರಡನೆಯ ದರ್ಜೆಯಲ್ಲಿ ತೇರ್ಗಡೆ. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲದ ಅನಂತರ ಸ್ವಂತ ಹೆಸರಿನಲ್ಲಿ ಒಂದು ಚಲನಚಿತ್ರ ಪಡೆದವನು ಈ ಎರಡನೆಯ ದರ್ಜೆಯವನೇ! ಅದು ಬಂದದ್ದು 2018ರಲ್ಲಿ.

ಮುದ್ರಿತ ಅಂಕ ಬೇರೆ, ಮಕ್ಕಳು ಕೊಡುವ ಅಂಕ ಬೇರೆ ಎಂಬುದು ಕಂಪನಿಗೆ ಮನವರಿಕೆಯಾದದ್ದು 1986ರಲ್ಲಿ. ಅದಕ್ಕೆ ಹಿನ್ನೆಲೆಯಾಗಿ ಒಂದು ಕಾನೂನಿನ ಸಂಗತಿಯನ್ನು ಹೇಳಬೇಕು. 1969ರಲ್ಲಿ ‘ಹಾಟ್ ವೀಲ್ಸ್’ ಆಟಿಕೆ ಕಾರುಗಳ ಬಗ್ಗೆ ಟೆಲಿವಿಷನ್ ಕಾರ್ಯಕ್ರಮ ಬಂದಾಗ, ಇದು ಕಾರ್ಯಕ್ರಮವಲ್ಲ, ಅರ್ಧ ಗಂಟೆಯ ಜಾಹೀರಾತು ಎಂಬ ಆಕ್ಷೇಪ ಎದ್ದು, ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ ಅದನ್ನು ಎತ್ತಿಹಿಡಿದಿತ್ತು. ರೇಗನ್ ಆಡಳಿತದಲ್ಲಿ, 1984ರಲ್ಲಿ, ಅದೇ ಆಯೋಗ ಅಂಥ ನಿರ್ಬಂಧಗಳನ್ನು ಸಡಿಲಿಸಿತು. ಅದೇ ಸೆಪ್ಟೆಂಬರಿನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಧಾರಾವಾಹಿ ಆರಂಭವಾಯಿತು. ಶಾಲೆಯಿಂದ ಬಂದ ಮಗು ಕಥೆಯೆಂದು ನೋಡುತ್ತಿದ್ದುದು ಅಂಗಡಿಯವನ ದಾಸ್ತಾನು ಪಟ್ಟಿಯನ್ನೇ. ಮಾಸ್ತರಿಕೆ ಮಾಡಿದವನಾಗಿ ಈ ವ್ಯವಹಾರವನ್ನು ನಾನು ಮೆಚ್ಚಲಾರೆ.

ದಾಸ್ತಾನು ಪಟ್ಟಿ ವರ್ಷಕ್ಕೊಮ್ಮೆ ಬದಲಾಗಬೇಕಷ್ಟೆ. 1986ರ ಆಗಸ್ಟಿನಲ್ಲಿ ಬಂದ ಚಲನಚಿತ್ರದಲ್ಲಿ ಹಳೆಯ ಆಟಿಕೆಗಳ ಪಾತ್ರಗಳನ್ನು ಒಂದೊಂದಾಗಿ ಕೊಲ್ಲಲಾಯಿತು. ಹೊಸ ಆಟಿಕೆಗಳಿಗೆ ಸ್ಥಳ ಬೇಕಾಗಿತ್ತು. ಶೇಕಡಾ 95ರ ಆಪ್ಟಿಮಸ್ ಪ್ರೈಮ್ ಕೂಡ ಪರದೆಯ ಮೇಲೆ ಸತ್ತ. ಚಿತ್ರಮಂದಿರಗಳಲ್ಲಿ ಮಕ್ಕಳು ಗಟ್ಟಿಯಾಗಿ ಅತ್ತರು, ತಂದೆತಾಯಿಯರು ಕಂಪನಿಗೆ ಪತ್ರ ಬರೆದರು. ಪ್ಲಾಸ್ಟಿಕ್ ಲಾರಿಯೊಂದರ ಸಾವಿಗೆ ಶೋಕವೇ ಎಂದು ನಗುವವರು ನಗಲಿ. ಆ ಮಕ್ಕಳಿಗೆ ಸತ್ತದ್ದು ಲಾರಿಯಲ್ಲ. ಅವನಿಗೆ ಪೀಟರ್ ಕಲೆನ್ ಕೊಟ್ಟಿದ್ದ ಶಾಂತ ಗಂಭೀರ ಧ್ವನಿಯಲ್ಲಿ ಅವರು ಒಬ್ಬ ಹಿರಿಯನನ್ನು ಕಂಡಿದ್ದರು. 1987ರ ಫೆಬ್ರವರಿಯಲ್ಲಿ ಧಾರಾವಾಹಿಯಲ್ಲಿ ಅವನನ್ನು ಮತ್ತೆ ಬದುಕಿಸಲಾಯಿತು. ಅಷ್ಟೇ ಅಲ್ಲ, ಅದೇ ವರ್ಷ ಬಂದ ಜಿ.ಐ. ಜೋ ಚಿತ್ರದಲ್ಲಿ ಸಾಯಬೇಕಾಗಿದ್ದ ಡ್ಯೂಕ್ ಎಂಬ ಪಾತ್ರ ಕೇವಲ ಮೂರ್ಛೆ ಹೋಯಿತು!

ಇದೇ ಕಾಲದ ಇನ್ನೊಂದು ಉದಾಹರಣೆ ‘ಗೋಬಾಟ್ಸ್’. ಬಂಡಾಯ್ ಕಂಪನಿಯ ‘ಮೆಷಿನ್ ರೋಬೋ’ ಆಟಿಕೆಗಳನ್ನು ಟೋಂಕಾ ಕಂಪನಿ ಈ ಹೆಸರಿನಲ್ಲಿ ಅಮೆರಿಕಕ್ಕೆ ತಂದಿತ್ತು. ಅವು ಟ್ರಾನ್ಸ್‌ಫಾರ್ಮರ್ಸ್‌ಗಿಂತ ಮೊದಲು ಬಂದವು, ಅಗ್ಗವೂ ಆಗಿದ್ದವು. ಆದರೂ ಸೋತವು. 1991ರಲ್ಲಿ ಟೋಂಕಾ ಕಂಪನಿಯನ್ನೇ ಹ್ಯಾಸ್‌ಬ್ರೊ ಕೊಂಡುಕೊಂಡಿತು. ಕೀಲುಗಳಲ್ಲಿ ಗೋಬಾಟ್‌ಗಳು ಅಷ್ಟೇನೂ ಕಡಿಮೆಯವಲ್ಲ. ಅವುಗಳ ಪಾತ್ರಗಳು ಮನಸ್ಸಿನಲ್ಲಿ ನಿಲ್ಲಲಿಲ್ಲ.

ಕಥೆಯ ಬಲ ಇಷ್ಟು ದೊಡ್ಡದಾಗಿರುವುದರಿಂದಲೇ ನಾನು ಶ್ರೇಣಿ ಕೊಡುವಾಗ ಕಥೆಯನ್ನು ಪೂರ್ತಿ ಬದಿಗಿಟ್ಟೆ. ಜಪಾನಿನಲ್ಲಿ ಆ ಕೀಲುಗಳನ್ನು ರೂಪಿಸಿದವರ ಹೆಸರುಗಳು ಅಮೆರಿಕದ ಪೆಟ್ಟಿಗೆಯ ಮೇಲೆ ಇರಲಿಲ್ಲ. ಅವರ ಕೆಲಸಕ್ಕೆ ಅಂಕ ಸಿಗಬೇಕಾದರೆ ನಾವು ನೋಡಬೇಕಾದದ್ದು ಪೆಟ್ಟಿಗೆಯ ಹಿಂಬದಿಯನ್ನಲ್ಲ. ನನ್ನ ಪ್ರಶ್ನೆಗಳು ಮೂರೇ. ಎರಡು ರೂಪಗಳೂ ನಂಬುವಂತಿವೆಯೇ? ಎಂಟು ವರ್ಷದ ಮಗು ಹಿರಿಯರ ನೆರವಿಲ್ಲದೆ ಬದಲಿಸಬಲ್ಲುದೇ? ಬದಲಿಸಿದ ಮೇಲೆ ಕೈಯಲ್ಲಿ ಬಿಡಿಭಾಗಗಳು ಉಳಿಯುತ್ತವೆಯೇ?

ಈ ಅಳತೆಯಲ್ಲಿ ಮೊದಲ ಸ್ಥಾನ ಸೌಂಡ್‌ವೇವ್‌ಗೆ. ಮೈಕ್ರೋ ಚೇಂಜ್ ಸಾಲಿನಿಂದ ಬಂದ ಇದು ಪುಟ್ಟ ಟೇಪ್ ರೆಕಾರ್ಡರ್. ಮೇಜಿನ ಮೇಲಿಟ್ಟರೆ ಆ ಕಾಲದ ಯಾರೂ ಅನುಮಾನಿಸಲಾರರು. ಗುಂಡಿ ಒತ್ತಿದರೆ ಎದೆಯ ಬಾಗಿಲು ತೆರೆಯುತ್ತದೆ. ಒಳಗಿನ ಕ್ಯಾಸೆಟ್ ಬಿಡಿಸಿದರೆ ಹಕ್ಕಿಯಾಗುತ್ತದೆ. ಆಯುಧಗಳು ಎಲ್ಲಿ ಎಂದು ಹುಡುಕಿದೆ. ಬ್ಯಾಟರಿ ಹಾಕುವ ಗೂಡಿನಲ್ಲಿ, ಬ್ಯಾಟರಿಯ ಆಕಾರದಲ್ಲಿಯೇ ಅಡಗಿದ್ದವು! ಯಾವುದೂ ಹೊರಗುಳಿಯುವುದಿಲ್ಲ. ಇದನ್ನು ರೂಪಿಸಿದವರ ಎದುರು ನಾನು ಕೈಮುಗಿದು ನಿಲ್ಲುತ್ತಿದ್ದೆ.

ಎರಡನೆಯ ಸ್ಥಾನ ಬಂಬಲ್‌ಬೀಗೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಒತ್ತಿ ಕುಳ್ಳಗಾಗಿಸಿದಂತಿರುವ ಇದು ನಿಜವಾದ ಕಾರಿನ ಪ್ರತಿರೂಪವಲ್ಲ, ಆಟದ ಕಾರಿನ ಪ್ರತಿರೂಪ. ಆದುದರಿಂದ ಅದರ ಕುಳ್ಳತನ ದೋಷವಾಗದು. ಮೂರು ನಾಲ್ಕು ಚಲನೆಗಳಲ್ಲಿ ಕೆಲಸ ಮುಗಿಯುತ್ತದೆ, ಬಿಡಿಭಾಗವೇ ಇಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಮುಖ ಮಾತ್ರ ಸಪ್ಪೆ. ಇದು ಕೆಂಪು ಬಣ್ಣದಲ್ಲಿಯೂ ಮಾರಾಟವಾಗಿತ್ತೆಂದು ತಿಳಿದು ಬೆರಗಾಯಿತು. ಈಗ ಆ ಹೆಸರನ್ನು ಹಳದಿಯಿಂದ ಬೇರ್ಪಡಿಸಿ ಯೋಚಿಸಲೂ ಆಗದು.

ಮೂರನೆಯದು ಜೆಟ್‌ಫೈರ್ ವಿಮಾನ. ಇದು ಟಕಾರಾದ್ದೇ ಅಲ್ಲ. 1982ರ ‘ಮ್ಯಾಕ್ರಾಸ್’ ಧಾರಾವಾಹಿಗಾಗಿ ಶೋಜಿ ಕವಾಮೊರಿ ರೂಪಿಸಿದ ವಿಮಾನ, ಟಕತೊಕು ಕಂಪನಿಯ ಅಚ್ಚು. ಹಕ್ಕಿನ ತೊಡಕಿನಿಂದಾಗಿ ಕಾರ್ಟೂನಿನಲ್ಲಿ ಇದಕ್ಕೆ ಬೇರೆ ರೂಪ, ‘ಸ್ಕೈಫೈರ್’ ಎಂಬ ಬೇರೆ ಹೆಸರು. ಯಂತ್ರಕೌಶಲದಲ್ಲಿ ಐದರಲ್ಲಿ ಇದೇ ಶ್ರೇಷ್ಠವೆಂದು ಒಪ್ಪುತ್ತೇನೆ. ಆದರೆ ತೊಡಿಸಿ ಕಳಚುವ ಕವಚದ ತುಂಡುಗಳು ಹಲವು, ಮಗುವಿನ ಕೈಗೆ ಇದು ಕಷ್ಟ. ಬಿಳಿ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಹಳೆಯ ಪುಸ್ತಕದ ಹಾಳೆಯಂತೆ ಹಳದಿಯಾಗುತ್ತದೆ.

ಶೇಕಡಾ 95ರವನಿಗೆ ನಾಲ್ಕನೆಯ ಸ್ಥಾನ. ಅಭಿಮಾನಿಗಳು ಮುನಿಯಬಹುದು, ಕಾರಣ ಕೇಳಿ. ರೋಬಾಟ್ ಆಗುವುದು ಲಾರಿಯ ಮುಂಭಾಗ ಮಾತ್ರ. ಹಿಂದಿನ ಟ್ರೇಲರ್ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತದೆ. ಅದು ತೆರೆದು ದುರಸ್ತಿ ಕೇಂದ್ರವಾಗುವುದು ಚೆನ್ನಾಗಿದೆ, ಆದರೆ ಅದು ಬೇರೆಯೇ ಆಟ. ಮುಷ್ಟಿಗಳೆರಡೂ ಕಳಚಿಡುವ ಬಿಡಿಭಾಗಗಳು. ಮುಷ್ಟಿ ಕಳೆದುಕೊಂಡ ಎಷ್ಟು ನಾಯಕರು ಎಷ್ಟು ಮನೆಗಳ ಅಟ್ಟದಲ್ಲಿ ಬಿದ್ದಿರುವರೋ! ನಿಂತಾಗಿನ ಗಾಂಭೀರ್ಯಕ್ಕೆ ಮಾತ್ರ ಪೂರ್ಣ ಅಂಕ.

ಕೊನೆಯ ಸ್ಥಾನ ಖಳನಾಯಕ ಮೆಗಾಟ್ರಾನ್‌ಗೆ, ಖಳನೆಂಬ ಕಾರಣಕ್ಕಲ್ಲ. ಇದು ವಾಲ್ತರ್ ಪಿ-38 ಪಿಸ್ತೂಲು. ರೋಬಾಟ್ ರೂಪದಲ್ಲಿ ಕೃಶವಾಗಿ, ಟ್ರಿಗರ್ ಅನುಚಿತವಾದ ಸ್ಥಳದಲ್ಲಿ ತೂಗುತ್ತ ನಿಲ್ಲುತ್ತದೆ. ಪಿಸ್ತೂಲಿನ ರೂಪದಲ್ಲಿಯೋ ಅತಿಯಾಗಿ ನಂಬುವಂತಿದೆ. ಮಗುವಿನ ಕೈಯಲ್ಲಿ ಅಂಥದನ್ನು ದೂರದಿಂದ ಕಂಡ ಪೊಲೀಸನಿಗೆ ಅದು ಆಟಿಕೆಯೆಂದು ತಿಳಿಯುವುದು ಹೇಗೆ? ಆಟಿಕೆ ಬಂದೂಕುಗಳ ಮೇಲೆ ಎದ್ದು ಕಾಣುವ ಗುರುತು ಇರಬೇಕೆಂದು ಅಮೆರಿಕದಲ್ಲಿ 1988ರಲ್ಲಿ ಕಾಯಿದೆಯೇ ಬಂತು. 1990ರ ದಶಕದಲ್ಲಿ ಮೆಗಾಟ್ರಾನ್ ಯುದ್ಧಟ್ಯಾಂಕ್ ಆದ.

ಆಮೇಲಿನ ಕಥೆಯನ್ನು ಚುಟುಕಾಗಿ ಹೇಳುವೆ. 1996ರ ‘ಬೀಸ್ಟ್ ವಾರ್ಸ್’ ಸಾಲಿನಲ್ಲಿ ಗುಂಡುಕೀಲುಗಳು ಬಂದು ಆಟಿಕೆಗಳ ಕೈಕಾಲು ಎಲ್ಲ ದಿಕ್ಕಿಗೂ ತಿರುಗತೊಡಗಿದವು. 2006ರಲ್ಲಿ ಟಕಾರಾ ಕಂಪನಿ ಟೋಮಿಯೊಂದಿಗೆ ವಿಲೀನವಾಯಿತು. 2007ರಿಂದ ಬಂದ ಚಲನಚಿತ್ರಗಳಲ್ಲಿ ರೋಬಾಟ್‌ಗಳು ನೂರಾರು ಚೂರುಗಳಾಗಿ ಒಡೆದು ಕೂಡುತ್ತವೆ. ಅದನ್ನು ಅನುಸರಿಸಹೊರಟ ಆಟಿಕೆಗಳನ್ನು ಮಡಿಚಲು ಹಿರಿಯರೂ ಬೆವರುವಂತಾಯಿತು. 2021ರಲ್ಲಿ ಆಜ್ಞೆ ಕೊಟ್ಟರೆ ಮೋಟಾರುಗಳ ಬಲದಿಂದ ತಾನಾಗಿಯೇ ಬದಲಾಗುವ ಆಪ್ಟಿಮಸ್ ಪ್ರೈಮ್ ಕೂಡ ಮಾರಾಟಕ್ಕೆ ಬಂತು. ಅದರ ಮುಂದೆ ಮಗುವಿಗೆ ನೋಡುವ ಕೆಲಸವೊಂದೇ ಉಳಿದಿರುವುದರಿಂದ ನನ್ನ ಎರಡನೆಯ ಪ್ರಶ್ನೆಯನ್ನು ಅದಕ್ಕೆ ಕೇಳುವಂತೆಯೇ ಇಲ್ಲ. 2024ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿರುವ ರಾಷ್ಟ್ರೀಯ ಆಟಿಕೆ ಗೌರವ ಮಂದಿರಕ್ಕೆ ಟ್ರಾನ್ಸ್‌ಫಾರ್ಮರ್ಸ್ ಸೇರ್ಪಡೆಯಾದವು. ಜಿ.ಐ. ಜೋ ಅಲ್ಲಿಗೆ ಇಪ್ಪತ್ತು ವರ್ಷ ಮೊದಲೇ, 2004ರಲ್ಲಿ, ಸೇರಿದ್ದ.