ಮನೆ ಸಾಬೂನು (ಶಿವಮೊಗ್ಗ–ಭದ್ರಾವತಿ)

ತೋಟದ ಎಣ್ಣೆಯನ್ನು ಕ್ಷಾರದೊಂದಿಗೆ ಬೆರೆಸಿ ಮನೆಯಲ್ಲೇ ತಯಾರಿಸುವ ಸಾಬೂನು. ಶಿವಮೊಗ್ಗಕ್ಕೆ ಸಾಬೂನಿನ ನಂಟು ಹೊಸದಲ್ಲ: ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೇಲೆ, 1944ರಲ್ಲಿ, ಇಲ್ಲಿಯೂ ಸಾಬೂನಿಗೆ ಬಳಸುವ ಗಂಧದೆಣ್ಣೆಯ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ಮನೆಗಳ ಬಚ್ಚಲಲ್ಲಿ ಮಾತ್ರ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳದೇ ರಾಜ್ಯವಿತ್ತು. ಇವು ಸಾಬೂನಲ್ಲ, ಸೀಗೆ, ಅಂಟುವಾಳಗಳ ನೊರೆಗೆ ಸಪೋನಿನ್ ಕಾರಣ.

ಭದ್ರಾ ಅಚ್ಚುಕಟ್ಟಿನ ತೋಟಗಳಲ್ಲಿ ಅಡಿಕೆಯ ಜೊತೆಗೆ ತೆಂಗೂ ಇರುವುದರಿಂದ ಕಲಿಯುವವರಿಗೆ ಕೊಬ್ಬರಿ ಎಣ್ಣೆಯೇ ಸುಲಭದ ಆರಂಭ. 1 ಕಿಲೊ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಮೈಗೆ ಹಚ್ಚುವುದಕ್ಕೆ ಶೇ. 5ರಷ್ಟು ತಗ್ಗಿಸಿ 174 ಗ್ರಾಂ ಹಾಕಿದರೆ ಸ್ವಲ್ಪ ಎಣ್ಣೆ ಉಳಿದು ಚರ್ಮ ಬಿರಿಯುವುದು ಕಡಿಮೆಯಾಗುತ್ತದೆ. ಅಡುಗೆಯ ಕಣ್ಣಳತೆ ಇಲ್ಲಿ ನಡೆಯದು, ತಕ್ಕಡಿಯೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಸ್ಟೀಲ್ ಒಳ್ಳೆಯದು. ಕೈಗವಸು, ಕನ್ನಡಕ ಕಡ್ಡಾಯ. ಸೋಡಾನೀರನ್ನು ಎಣ್ಣೆಗೆ ಬೆರೆಸಿ ಕಲಕಿದ ಮಿಶ್ರಣ ದೋಸೆಹಿಟ್ಟಿನಷ್ಟು ಗಟ್ಟಿಯಾದಾಗ ಅರಿಸಿನವನ್ನೋ ಬೇವಿನ ಪುಡಿಯನ್ನೋ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಮರುದಿನ ಕತ್ತರಿಸಿ 4ರಿಂದ 6 ವಾರ ಗಾಳಿಗಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ತಡ.

ಹೊಂಗೆ ಎಣ್ಣೆಯ ಸಾಬೂನು ವಾಸನೆಯ ಕಾರಣ ಬಟ್ಟೆಗೇ ಸರಿ. ಬೂದಿನೀರಿನಿಂದಲೂ ಸಾಬೂನಾಗುತ್ತದೆ; ಅದರ ಪೊಟ್ಯಾಸಿಯಂನಿಂದಾಗಿ ಮೆತ್ತಗೇ ಉಳಿಯುತ್ತದೆ.

ಮನೆ ಬಳಕೆಗೆ ಅನುಮತಿ ಬೇಡ. ಸ್ನಾನದ ಸಾಬೂನನ್ನು ಮಾರಾಟಕ್ಕೆ ತಯಾರಿಸುವವರು ಸೌಂದರ್ಯವರ್ಧಕಗಳ ಕಾನೂನಿನಡಿ ಪರವಾನಗಿ ಪಡೆಯಬೇಕು.